ಕಾರವಾರದ ಕೌಂಡಿನ್ಯ ಹಾಯಿ ಹಡಗು ಹತ್ತೋಕೆ ನಮ್ಮನ್ನೂ ಬಿಡಲಿ

ಮಾನ್ಯ ಸಂಪಾದಕರೇ,

ಮಗನ ಮನೆಗೆ ಅಂತ ನಾನೂ ನನ್ನ ಹೆಂಡ್ತಿನೂ ಅಮೆರಿಕದ ಸ್ಯಾನ್ ಡಿಯಾಗೋಗೆ ಹೋಗಿದ್ವಿ. ಅಲ್ಲಿಗೆ ಹೋದೋರೆಲ್ಲಾ ಮಿಡ್‌ವೇ ಅನ್ನೋ ವಿಮಾನವಾಹಕ ಹಡಗು ನೋಡಿ ಫೋಟೋ ಹೊಡ್ಕೊಂಡು ಬರ್ತಾರೆ, ನಾವೂ ನೋಡಿದ್ವಿ, ಚೆನ್ನಾಗಿದೆ, ಆದ್ರೆ ಅಲ್ಲಿಂದ ಸ್ವಲ್ಪ ನಡೆದ್ರೆ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಒಂದು ಮರದ ಹಾಯಿ ಹಡಗಿದೆ, ನನ್ನ ಮನಸಲ್ಲಿ ಕೂತಿದ್ದು ಅದು. ಹೆಸರು ಎಚ್‌ಎಂಎಸ್ ಸರ್‌ಪ್ರೈಸ್. ಹಳೇ ಹಡಗಲ್ಲ, ಬ್ರಿಟಿಷರು 1757ರಲ್ಲಿ ಕಟ್ಟಿದ್ದ ರೋಸ್ ಅನ್ನೋ 20 ತೋಪಿನ ಯುದ್ಧನೌಕೆ ಥರಾನೇ 1970ರಲ್ಲಿ ಕೆನಡಾದಲ್ಲಿ ಕಟ್ಟಿದ್ದು. ಆಮೇಲೆ ಸಿನಿಮಾದವರು ಕೊಂಡು ವೇಷ, ಹೆಸರು ಎರಡೂ ಬದಲಾಯಿಸಿದ್ರು, ಹಾಗಾಗಿ ಪಕ್ಕಾ ನಕಲು ಅನ್ನೋಕಾಗಲ್ಲ.

ಕೆಳಗಿಳಿದ ತಕ್ಷಣ ತೊಲೆಗೆ ತಲೆ ಬಡೀತು. ನಾನೇನು ಆರಡಿ ಆಳಲ್ಲ! ಎರಡೂ ಬದಿ ತೋಪು, ಗುಂಡು ಹಾರಿದಾಗ ಹಿಂದಕ್ಕೆ ನುಗ್ಗಿ ಬರದೇ ಇರ್ಲಿ ಅಂತ ಒಂದೊಂದಕ್ಕೂ ದಪ್ಪ ಹಗ್ಗ. ಆ ಕಾಲದ ಬ್ರಿಟಿಷ್ ಹಡಗಲ್ಲಿ ನಾವಿಕನಿಗೆ ಜೋಲಿ ಕಟ್ಕೊಂಡು ಮಲಗೋಕೆ ಲೆಕ್ಕದ ಪ್ರಕಾರ 14 ಇಂಚು ಜಾಗ ಅಂತೆ. ಹೆಂಡ್ತಿ ಗೇಣು ಹಾಕಿ ನೋಡಿದ್ಲು, ಎರಡು ಗೇಣೂ ಪೂರ್ತಿ ಬರ್ಲಿಲ್ಲ. ಪುಸ್ತಕದಲ್ಲಿ ಎಷ್ಟು ಓದಿದ್ರೂ ಆ ಗೇಣಿನಷ್ಟು ಅರ್ಥ ಆಗ್ತಿರ್ಲಿಲ್ಲ ನಂಗೆ.

ಇನ್ನೊಂದು ವಿಷ್ಯ. ಆ ಹಳೇ ರೋಸ್, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಆಗಿನ ಅಮೆರಿಕದವರಿಗೆ ಶತ್ರು ಹಡಗು. 1774ರ ಕೊನೆಗೆ ರೋಡ್ ಐಲ್ಯಾಂಡಿನ ನ್ಯೂಪೋರ್ಟ್ ಬಂದರಿಗೆ ಬಂದು ಅಲ್ಲಿನ ಕಳ್ಳಸಾಗಣೆನೆಲ್ಲ ನಿಲ್ಲಿಸಿ ಎಷ್ಟು ಕಾಟ ಕೊಡ್ತು ಅಂದ್ರೆ, ರೋಡ್ ಐಲ್ಯಾಂಡಿನವರು ನಮಗೇ ಒಂದು ನೌಕಾಪಡೆ ಬೇಕು ಅಂತ ಪಟ್ಟು ಹಿಡಿದ್ರು, 1775ರ ಅಕ್ಟೋಬರ್ 13ಕ್ಕೆ ಕಾಂಗ್ರೆಸ್, ಅಂದ್ರೆ ಅಮೆರಿಕದವರ ಪ್ರತಿನಿಧಿ ಸಭೆ, ಒಪ್ಕೊಂಡೂ ಬಿಡ್ತು. ಕೊನೆಗೆ 1779ರಲ್ಲಿ, ಅಮೆರಿಕದವರ ಪರ ಬಂದಿದ್ದ ಫ್ರೆಂಚರ ಹಡಗು ಒಳಗೆ ಬರಬಾರ್ದು ಅಂತ ಸವಾನಾ ನದೀಲಿ ಬ್ರಿಟಿಷರೇ ಅದನ್ನ ಮುಳುಗಿಸಿದ್ರು. ಅಂಥಾ ಹಡಗನ್ನ ಇನ್ನೂರು ವರ್ಷ ಆದ್ಮೇಲೆ ಮತ್ತೆ ಕಟ್ಟಿ, ಈಗ ಟಿಕೆಟ್ ಇಟ್ಟು ತೋರಿಸ್ತಿದಾರೆ ನೋಡಿ.

ಇದೆಲ್ಲಾ ಯಾಕೆ ಬರೆದೆ ಅಂದ್ರೆ ನಮ್ಮ ಕಾರವಾರದಲ್ಲೂ ಇಂಥದ್ದೊಂದಿದೆ. 2025ರ ಮೇ 21ಕ್ಕೆ ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಅನ್ನೋ ಹಾಯಿ ಹಡಗನ್ನ ನೌಕಾಪಡೆಗೆ ಸೇರಿಸ್ಕೊಂಡ್ರು. ಯುದ್ಧದ ಹಡಗಲ್ಲ, ಒಪ್ತೀನಿ, ಅಜಂತಾ ಗುಹೆಯ ಚಿತ್ರ ನೋಡಿ ಕಟ್ಟಿದ್ದು, ಮೊಳೆ ಹೊಡೀದೆ ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿರೋದು, ಹಾಯಿ ಮೇಲೆ ಗಂಡಭೇರುಂಡ ಬೇರೆ. ಮಸ್ಕತ್ ತನಕ ಹೋದಾಗ ಟಿವಿಲಿ ನೋಡಿದ್ದೇ ನೋಡಿದ್ದು. ಟ್ಯಾಗೋರ್ ಬೀಚಲ್ಲಿರೋ ಚಪಲ್ ಯುದ್ಧನೌಕೆ ಹತ್ತಿ ಇಳಿಯೋ ಮಕ್ಕಳನ್ನ ನಾನೇ ನೋಡಿದೀನಿ, ಅದು ಕಬ್ಬಿಣದ್ದು, ನಮ್ಮ ಕಾಲದ್ದು. ಕೌಂಡಿನ್ಯ ಬಂದರಲ್ಲಿ ನಿಂತಿರೋವಾಗ ವರ್ಷಕ್ಕೆ ನಾಲ್ಕು ದಿನ ಆದ್ರೂ ಶಾಲೆ ಮಕ್ಕಳನ್ನ, ನಮ್ಮಂಥೋರನ್ನ ಒಳಗೆ ಬಿಡಲಿ, ಕನ್ನಡದಲ್ಲಿ ವಿವರಿಸೋಕೆ ಒಬ್ಬರು ಇರಲಿ. ಭದ್ರತೆ ಅಂತಾರೆ, ಗೊತ್ತು. ಆಧಾರ್ ನೋಡ್ಲಿ, ಫೋನ್ ಹೊರಗೇ ಇಡ್ಸಿಕೊಳ್ಳಲಿ, ಟಿಕೆಟ್ಟಿಗೆ ದುಡ್ಡು ತಗೊಳ್ಳಲಿ. ಆ ಹೊಲಿಗೆ ಒಂದ್ಸಲ ಕೈಯಲ್ಲಿ ಮುಟ್ಟಿ ನೋಡ್ಬೇಕು ನಂಗೆ.

– ಒಬ್ಬ ನಿವೃತ್ತ ಓದುಗ, ಕುಮಟಾ