ಫೋನಿನ ಪಕ್ಕ ಕೂತವನು

ಲೀಡ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಜಾಸ್ತಿಯಾಗಿದೆ. ಅಮ್ಮ ಕೊಟ್ಟು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಬಾಟಲಿ ಇದೆ. ಈ ಪತ್ರ ಮುಖ್ಯವಾಗಿ ಅಪ್ಪನಿಗೆ. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಳಗಿನ ಮನೆಯ ಅಜ್ಜಿ ಒಂದು ಹಳೇ ಸೀರಿಯಲ್ ಡಿವಿಡಿ ಕೊಟ್ಟರು. ‘ದಿ ಸ್ಯಾಂಡ್‌ಬ್ಯಾಗರ್ಸ್’ ಅಂತ. 1978ರಿಂದ 1980ರವರೆಗೆ ಬಂದದ್ದು, ಒಟ್ಟು 20 ಕಂತು. ಮಾಡಿದವರು ಇದೇ ಊರಿನ ಯಾರ್ಕ್‌ಷೈರ್ ಟೆಲಿವಿಷನ್‌ನವರು. ಗೂಢಚಾರರ ಕಥೆ ಅಂದ ಕೂಡಲೇ ಹೊಡೆದಾಟ ಅಂದುಕೊಳ್ಳಬೇಡಿ. ಮುಕ್ಕಾಲು ಪಾಲು ಆಫೀಸಿನೊಳಗೇ ನಡೆಯುತ್ತದೆ. ಮೇಜು, ಫೈಲು, ಫೋನು, ಮಾತು. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಯಾರೂ ಮಾತಾಡದಿದ್ದರೆ ನಾವೂ ಉಸಿರು ಹಿಡಿದು ಕೂರಬೇಕು.

ಬ್ರಿಟನ್ನಿನ ಗೂಢಚಾರ ಸಂಸ್ಥೆಯಲ್ಲಿ ನೀಲ್ ಬರ್ನ್‌ಸೈಡ್ ಅಂತ ಒಬ್ಬ ಅಧಿಕಾರಿ. ಆ ಪಾತ್ರ ಮಾಡಿದವರು ರಾಯ್ ಮಾರ್ಸ್‌ಡೆನ್. ಬೇರೆ ದೇಶಕ್ಕೆ ಹೋಗಿ ಅಪಾಯದ ಕೆಲಸ ಮಾಡುವ ಬೆರಳೆಣಿಕೆಯ ಜನ ಅವನ ಕೈಕೆಳಗೆ. ಅವನೂ ಮೊದಲು ಅದೇ ಕೆಲಸ ಮಾಡಿದವನು. ಈಗ ಕಳಿಸುವವನು.

ನನ್ನ ನಿದ್ದೆ ಕೆಡಿಸಿದ್ದು ಮೊದಲ ಸರಣಿಯ ಕೊನೆಯ ಕಂತು, ‘ಸ್ಪೆಷಲ್ ರಿಲೇಷನ್‌ಶಿಪ್’. ಅವನ ತಂಡದಲ್ಲಿ ಲಾರಾ ಡಿಕನ್ಸ್ ಅಂತ ಹುಡುಗಿ. ಯಾರನ್ನೂ ಹತ್ತಿರ ಸೇರಿಸದ ಮನುಷ್ಯನಿಗೆ ಅವಳ ಮೇಲೆ ಮನಸ್ಸಾಗಿದೆ. ಅವಳನ್ನೇ ಗಡಿಯಾಚೆ ಕಳಿಸಬೇಕಾಗುತ್ತದೆ. ಪೂರ್ವ ಜರ್ಮನಿಯವರು ಹಿಡಿಯುತ್ತಾರೆ. ಬಿಡಿಸಿಕೊಳ್ಳಲು ಬದಲಿಗೆ ಒಬ್ಬ ಕೈದಿ ಬೇಕು, ಅಂಥವನು ಇರುವುದು ಫ್ರೆಂಚರ ಹತ್ತಿರ. ಅವರು ಸುಮ್ನೆ ಕೊಡುತ್ತಾರಾ? ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಬ್ರಿಟನ್ನಿಗೆ ಕೊಡುವ ಗುಟ್ಟಿನಲ್ಲಿ ಪಾಲು ಕೇಳುತ್ತಾರೆ. ಅಮೆರಿಕದವರಿಗೆ ತಿಳಿದರೆ ನಂಟು ಮುರಿದ ಹಾಗೇ. ಬರ್ನ್‌ಸೈಡ್ ಹೂಂ ಅನ್ನುತ್ತಾನೆ. ನನಗೆ ಎದೆ ಹಗುರಾಯಿತು.

ಬರ್ಲಿನ್‌ನಲ್ಲಿ ಅದಲುಬದಲಿನ ಹೊತ್ತು. ಅವಳು ಬರುತ್ತಾಳೆ. ಗುಂಡು ಹಾರುತ್ತದೆ. ಅಪ್ಪ, ಅದಕ್ಕೆ ಏರ್ಪಾಡು ಮಾಡಿದವನು ಬರ್ನ್‌ಸೈಡೇ. ಅವಳೇ ಇಲ್ಲ ಅಂದ ಮೇಲೆ ಫ್ರೆಂಚರಿಗೆ ಏನೂ ಕೊಡಬೇಕಿಲ್ಲ ಅಲ್ವಾ.

ಟಿವಿ ಆರಿಸಿ ಕತ್ತಲಲ್ಲೇ ಕೂತಿದ್ದೆ. ದೇಶಕ್ಕಾಗಿ ಮಾಡಿದ ಅಂತ ಹೇಳುವವರು ಇರಬಹುದು. ನನ್ನ ಕೈಲಿ ಅವನನ್ನು ಕ್ಷಮಿಸಲು ಆಗಲಿಲ್ಲ. ಅವನು ಅವಳನ್ನು ಪ್ರೀತಿಸಿದ್ದೂ ಸುಳ್ಳಲ್ಲ, ಅದೇ ಹೆಚ್ಚು ಸಂಕಟ. ಇದನ್ನು ಬರೆದ ಇಯಾನ್ ಮ್ಯಾಕಿಂಟಾಷ್ ನೌಕಾಪಡೆಯಲ್ಲಿ ಇದ್ದವರಂತೆ. 1979ರಲ್ಲಿ ಅವರು ಹೋಗುತ್ತಿದ್ದ ಸಣ್ಣ ವಿಮಾನ ಅಲಾಸ್ಕಾದ ಹತ್ತಿರ ಸಮುದ್ರದ ಮೇಲೆ ಕಾಣೆಯಾಯಿತು. ಅವರು ಸಿಗಲೇ ಇಲ್ಲ.

ಆ ಕತ್ತಲಲ್ಲಿ ಕೂತಾಗ ನೀವು ನೆನಪಾದಿರಿ. ತೀರ್ಥಹಳ್ಳಿಯ ಆ ಜುಲೈ ರಾತ್ರಿ. ಮರ ಬಿದ್ದು ಕರೆಂಟ್ ಲೈನ್ ಕಡಿದಿತ್ತು. ಲೈನ್‌ಮನ್‌ಗಳನ್ನು ಕಳಿಸಿ ನೀವು ಫೋನಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಿರಿ. ಹೆಗಲ ಮೇಲೆ ಒದ್ದೆ ಟವೆಲ್ಲು. ಅಮ್ಮ ಮುಚ್ಚಿಟ್ಟ ತಟ್ಟೆಯಲ್ಲಿ ಅನ್ನ ತಣ್ಣಗಾಗಿ ಗಟ್ಟಿಯಾಗಿತ್ತು. ನೀವು ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ನಾನು ಕಂಬಳಿಯೊಳಗಿಂದ ನೋಡುತ್ತಿದ್ದೆ.

ಯಾರೋ ದೊಡ್ಡವರು ಫೋನ್ ಮಾಡಿದರು. ಮದುವೆ ಮನೆ, ಈಗಲೇ ಕರೆಂಟ್ ಬೇಕು ಅಂತ ಇರಬೇಕು. ಅವರ ಕೂಗು ನನಗೂ ಕೇಳಿಸುತ್ತಿತ್ತು. ನೀವು ದನಿ ಏರಿಸದೆ ಹೇಳಿದಿರಿ: "ಹುಡುಗ ಕಂಬದ ಮೇಲಿದಾನೆ ಸಾರ್. ಅವನು ಇಳಿದು, ಕೆಲಸ ಮುಗೀತು ಅಂತ ಲೈನ್ ಕ್ಲಿಯರ್ ವಾಪಸ್ ಕೊಡದೆ ನಾನು ಲೈನಿಗೆ ಕರೆಂಟ್ ಬಿಡಿಸಲ್ಲ." ಆಮೇಲೂ ಎರಡು ಸಲ ಫೋನ್ ಬಂತು. ನೀವು ಅದೇ ಮಾತು ಹೇಳಿದಿರಿ.

ಬೆಳಗಿನ ಜಾವ ಲೈಟ್ ಹತ್ತಿದಾಗ ನೀವು ಆ ತಣ್ಣನೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಊಟ ಮಾಡಿದಿರಿ. ಆವತ್ತು ನನಗೆ ಏನೂ ತಿಳಿದಿರಲಿಲ್ಲ.

ಅಪ್ಪ, ಆ ರಾತ್ರಿ ಕಂಬದ ಮೇಲೆ ಇದ್ದವರು ಯಾರು? ಈಗ ಎಲ್ಲಿದ್ದಾರೆ? ಮುಂದಿನ ಸಲ ಬರೆಯುವಾಗ ಅವರ ಹೆಸರು ಬರೆಯಿರಿ. ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಅವರ ಮನೆಗೆ ಹೋಗಿ ಬರೋಣ.

ಅಮ್ಮ, ಸ್ವೆಟರ್ ಹಾಕಿಕೊಂಡೇ ಮಲಗುತ್ತಿದ್ದೇನೆ.

ನಿಮ್ಮ,
ಪುಟ್ಟಿ