ಮನಿಲಾಕ್ಕೆ ಹೊರಟವಳಿಗೆ

ಚಿ. ಅನಘಾಗೆ ಮಾವನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಕೂತಿದೆ. "ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಅಂದ್ರೆ ಜಪಾನಿನ ಬ್ಯಾಂಕೇ ಅಲ್ವಾ ಮಾವ?" ಅಂದೆಯಲ್ಲ. ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು. ನೀನು ಕೆಲಸಕ್ಕೆ ಸೇರುತ್ತಿರುವ ಆ ಬ್ಯಾಂಕು ಹಲವು ದೇಶಗಳು ಷೇರು ಹಾಕಿ ಕಟ್ಟಿದ್ದು, ಏಷ್ಯಾದ ದೇಶಗಳ ಅಭಿವೃದ್ಧಿಗೆ ಸಾಲ ಕೊಡುವಂಥದ್ದು.

1965ರಲ್ಲಿ ಬ್ಯಾಂಕಿನ ಕಚೇರಿ ಎಲ್ಲಿರಬೇಕು ಎಂದು ಮತ ಹಾಕಿದರು. ಮೊದಲ ಸುತ್ತಿನಲ್ಲಿ ಟೋಕಿಯೋ ಮುಂದಿತ್ತು. ಕೊನೆಗೆ 9–8ರಲ್ಲಿ ಫಿಲಿಪ್ಪೀನ್ಸಿನ ಮನಿಲಾ ಗೆದ್ದಿತು. ಜಪಾನ್ ಮುನಿಸಿಕೊಂಡು ಎದ್ದು ಹೋಗಲಿಲ್ಲ. ದುಡ್ಡೂ ಹಾಕಿತು, ಮೊದಲ ಅಧ್ಯಕ್ಷರಾಗಿ ತಕೇಶಿ ವತನಬೆಯವರನ್ನೂ ಕೊಟ್ಟಿತು. ಅಲ್ಲಿಂದ ಇಲ್ಲಿವರೆಗೆ ಅಧ್ಯಕ್ಷರಾದವರೆಲ್ಲ ಜಪಾನಿನವರೇ. 2013ರಲ್ಲಿ ಆಗಿನ ಅಧ್ಯಕ್ಷ ಕುರೋಡಾ ತಮ್ಮ ದೇಶದ ರಿಸರ್ವ್ ಬ್ಯಾಂಕಿನಂಥ ಬ್ಯಾಂಕ್ ಆಫ್ ಜಪಾನಿಗೆ ಗವರ್ನರ್ ಆಗಿ ಹೋದರು. ಅವರ ಕುರ್ಚಿಗೆ ಬಂದ ನಕಾವೋ ಕೂಡ ಅದೇ ದೇಶದ ಹಣಕಾಸು ಇಲಾಖೆಯವರು. ನಿಯಮದಲ್ಲಿ ಹೀಗೇ ಆಗಬೇಕು ಅಂತ ಎಲ್ಲೂ ಇಲ್ಲ. ಅಧ್ಯಕ್ಷರು ಏಷ್ಯಾ-ಪೆಸಿಫಿಕ್ ಭಾಗದ ಸದಸ್ಯ ದೇಶದವರಾಗಿರಬೇಕು, ಅಷ್ಟೇ. ಉಳಿದದ್ದು ರೂಢಿ. ಊರ ಜಾತ್ರೆಯಲ್ಲಿ ಮೊದಲ ಕಾಯಿ ಯಾರದ್ದು ಅಂತ ಯಾರೂ ಬರೆದಿಡುವುದಿಲ್ಲ. ಆದರೂ ಎಲ್ಲರಿಗೂ ಗೊತ್ತಿರುತ್ತದೆ.

ಷೇರಿನ ಲೆಕ್ಕ ಬೇರೆ. ಜಪಾನಿಗೂ ಅಮೆರಿಕಕ್ಕೂ ಸಮಪಾಲು, ತಲಾ ಸುಮಾರು ಶೇ. 15.6. ಐದರಲ್ಲಿ ಒಂದು ಪಾಲು ಮತಗಳನ್ನು ಎಲ್ಲ ಸದಸ್ಯರಿಗೂ ಸಮನಾಗಿ ಹಂಚುತ್ತಾರೆ, ಉಳಿದವನ್ನು ಷೇರಿಗೆ ತಕ್ಕ ಹಾಗೆ. ಹಾಗಾಗಿ ಇವರಿಬ್ಬರ ಮತ ತಲಾ ಶೇ. 13ರ ಹತ್ತಿರ ನಿಲ್ಲುತ್ತದೆ. ಒಂದು ದೇಶ ಒಬ್ಬಂಟಿಯಾಗಿ ಏನನ್ನೂ ಪಾಸು ಮಾಡಿಸಲಾರದು. ಇನ್ನೊಂದು ತಮಾಷೆ ಗೊತ್ತಾ? ಷೇರಿನ ದುಡ್ಡಿನಲ್ಲಿ ನೂರಕ್ಕೆ ಸುಮಾರು 5 ರೂಪಾಯಿ ಮಾತ್ರ ಕೈಯಿಂದ ಕೊಟ್ಟದ್ದು. ಮಿಕ್ಕಿದ್ದು ಜಾಮೀನು. ನಮ್ಮ ಸೊಸೈಟಿ ಸಾಲಕ್ಕೆ ನಿನ್ನ ಅಜ್ಜ ಸಹಿ ಹಾಕಿದ ಹಾಗೆ. ಅಂಥ ಸಹಿಗಳಿರುವುದರಿಂದಲೇ ಬ್ಯಾಂಕಿಗೆ ಕಡಿಮೆ ಬಡ್ಡಿಗೆ ದುಡ್ಡು ಹುಟ್ಟುತ್ತದೆ.

ದಾನಿ ನಿಜವಾಗಿ ಬಾಯಿಬಿಡುವ ಜಾಗ ಬೇರೆ ಇದೆ. ಬಡ ದೇಶಗಳಿಗಾಗಿ 1974ರಲ್ಲಿ ಶುರುವಾದ ಏಷ್ಯನ್ ಡೆವಲಪ್‌ಮೆಂಟ್ ಫಂಡ್. ನಾಲ್ಕು ವರ್ಷಕ್ಕೊಮ್ಮೆ ದಾನಿ ದೇಶಗಳು ಕೂತು ಅದನ್ನು ತುಂಬಿಸುತ್ತವೆ. ಇದುವರೆಗೆ ಅದಕ್ಕೆ ಎಲ್ಲರಿಗಿಂತ ಜಾಸ್ತಿ ಹಾಕಿದ್ದು ಜಪಾನ್. ಯಾವುದಕ್ಕೆ ಕೊಡಬೇಕು, ಯಾರಿಗೆ ಮೊದಲು ಎಂಬ ಚೌಕಾಸಿ ನಡೆಯುವುದು ಆ ಮೇಜಿನ ಸುತ್ತ. ಆ ಸಭೆಗಳ ಕಾಗದ ಸಿಕ್ಕರೆ ಬಿಡಬೇಡ, ಕೂತು ಓದು.

ಸಾಲ ಪಡೆಯುವವರ ಕಡೆಯನ್ನೂ ಮರೆಯಬೇಡ ಮಗೂ. ಭಾರತ ಸ್ಥಾಪಕ ಸದಸ್ಯ, ಆದರೂ ಮೊದಲ ಸಾಲ ತೆಗೆದದ್ದು 1986ರಲ್ಲಿ. ನಮ್ಮ ಮಂಗಳೂರು, ಉಡುಪಿ, ಕಾರವಾರದಂಥ ಊರುಗಳ ನೀರು, ಒಳಚರಂಡಿಗೆಂದು 1999ರಲ್ಲಿ 17.5 ಕೋಟಿ ಡಾಲರ್ ಬಂತು. ರಸ್ತೆ ಅಗೆದಾಗ ಜನ ಅದನ್ನು "ಫಾರಿನ್ ದುಡ್ಡು" ಅಂದರು. ಎಷ್ಟೋ ಜನರಿಗೆ ಅದು ದಾನ ಅಂತಲೇ ನಂಬಿಕೆ. ಅದು ತೀರಿಸಬೇಕಾದ ಸಾಲ ಅಂತ ನಾನೇ ಎಷ್ಟು ಮಂದಿಗೆ ಹೇಳಿದ್ದೇನೋ! ನಿನ್ನ ಮೇಜಿಗೆ ಫೈಲ್ ಬಂದಾಗ ಮೊದಲು ಇದನ್ನೇ ನೋಡು. ಇದು ಅನುದಾನವೋ, ಸಾಲವೋ, ತೀರಿಸುವವರು ಯಾರು?

ಹಪ್ಪಳದ ಡಬ್ಬ ಅಮ್ಮನ ಹತ್ತಿರ ಕೊಟ್ಟಿದ್ದೇನೆ. ಮೊದಲ ಮೀಟಿಂಗ್ ಮುಗಿದ ಮೇಲೆ ಬರೆ. ಮಾತಾಡುವಾಗ ಉಳಿದವರು ಯಾರ ಮುಖ ನೋಡುತ್ತಿದ್ದರು ಅಂತ ಮರೆಯದೆ ತಿಳಿಸು.

ನಿನ್ನ ಮಾವ