ಮೊದಲು ಗಾಳಿ ನೋಡು: ಮಾರ್ಸೇಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫ್ರಾನ್ಸಿನ ದಕ್ಷಿಣ ಕರಾವಳಿಯ ಮಾರ್ಸೇಯಲ್ಲಿ ಬೆಳಗ್ಗೆ ಎದ್ದು ಕಿಟಕಿ ತೆಗೆದಾಗ ನೋಡಬೇಕಾದ್ದು ಮೋಡವನ್ನಲ್ಲ, ಗಾಳಿಯನ್ನು. ರೋನ್ ನದಿಯ ಕಣಿವೆ ಹಿಡಿದು ವಾಯವ್ಯದಿಂದ ಇಳಿಯುವ ಒಣ, ತಣ್ಣನೆಯ ಗಾಳಿಗೆ ಮಿಸ್ತ್ರಾಲ್ ಅಂತ ಹೆಸರು. ಹಿಡಿದರೆ ಮೂರು, ಆರು, ಇಲ್ಲವೇ ಒಂಬತ್ತು ದಿನ ಅನ್ನುವುದು ಅಲ್ಲಿನ ಹಳಬರ ಲೆಕ್ಕ. ಲೆಕ್ಕ ತಪ್ಪುವುದೂ ಉಂಟು. ಆಕಾಶ ತೊಳೆದಿಟ್ಟಷ್ಟು ನೀಲಿ, ಬಿಸಿಲೂ ಚೆನ್ನಾಗಿಯೇ ಇರುತ್ತದೆ. ಅದನ್ನು ನಂಬಿ ತೆಳು ಬಟ್ಟೆಯಲ್ಲಿ ಹೊರಟರೆ ಬಸ್ ಸ್ಟಾಪಿನಲ್ಲೇ ಹಲ್ಲು ಕಟಕಟ ಅನ್ನುತ್ತದೆ. ದಪ್ಪ ಸ್ವೆಟರ್‌ಗಿಂತ ಗಾಳಿ ನುಗ್ಗದ ಜಾಕೆಟ್ ಕೊಂಡುಕೋ.

ಈಫ್ ದ್ವೀಪದ ಕೋಟೆಗೆ ಹಳೇ ಬಂದರಿನಿಂದ ದೋಣಿಯಿದೆ, ಸುಮಾರು ಇಪ್ಪತ್ತು ನಿಮಿಷದ ದಾರಿ. ಗಾಳಿ ಜೋರಾದರೆ ಅಲ್ಲಿನ ಸಣ್ಣ ಕಟ್ಟೆಗೆ ದೋಣಿ ಕಟ್ಟಲಾಗದು. ಆಗ ಈಫ್ ಬಿಟ್ಟು ಸೀದಾ ಫ್ರಿಯೂಲ್ ದ್ವೀಪಗಳಿಗೆ ಹೋಗಿಬಿಡುವುದುಂಟು. ಟಿಕೆಟ್ ತೆಗೆಯುವ ಮೊದಲೇ ಕೌಂಟರಿನಲ್ಲಿ "ಇವತ್ತು ಈಫ್‌ನಲ್ಲಿ ಇಳಿಸುತ್ತೀರಾ?" ಅಂತ ಕೇಳು.

ಇನ್ನು ನಿನ್ನ ಲುಮಿನಿ ಕ್ಯಾಂಪಸ್. ಊರೊಳಗಿನ ಕಾಸ್ತೆಲಾನ್ ಚೌಕದಿಂದ ಬಿ1 ಬಸ್ಸು. ದಾರಿಯಲ್ಲಿ ಮೊದಲು ವೆಲೊಡ್ರೋಮ್ ಸಿಗುತ್ತದೆ, 67,000ಕ್ಕೂ ಹೆಚ್ಚು ಆಸನಗಳ ಫುಟ್‌ಬಾಲ್ ಮೈದಾನ. ಅಲ್ಲಿನ ಒಲಿಂಪಿಕ್ ದ ಮಾರ್ಸೇ ತಂಡ 1993ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದದ್ದನ್ನು ಊರು ಇನ್ನೂ ಮರೆತಿಲ್ಲ. ಪಂದ್ಯದ ಸಂಜೆ ಆ ರಸ್ತೆ ಪೂರ್ತಿ ಕಟ್ಟಿಕೊಳ್ಳುತ್ತದೆ, ಆ ದಿನ ಬೇಗ ಮನೆ ಸೇರು. ಅದರಾಚೆಗೆ ಕಂಬಗಳ ಮೇಲೆ ನಿಂತ ಉದ್ದನೆಯ ಕಾಂಕ್ರೀಟ್ ಕಟ್ಟಡ: ವಾಸ್ತುಶಿಲ್ಪಿ ಲ ಕಾರ್ಬುಸಿಯೆ 1947ರಿಂದ 1952ರವರೆಗೆ ಕಟ್ಟಿಸಿದ ಸಿತೆ ರಾದಿಯೂಸ್. 337 ಮನೆಗಳು. ಪ್ರತಿ ಮಹಡಿಗೂ ಓಣಿಯಿಲ್ಲ, ಮೂರು ಮಹಡಿಗೊಂದು. ಎರಡಂತಸ್ತಿನ ಮನೆಗಳು ಒಂದರ ಮೇಲೊಂದು ಬೆರಳು ಹೆಣೆದಂತೆ ಕೂತಿವೆ. ಹಾಗಾಗಿ ಹೆಚ್ಚಿನ ಮನೆಗಳಿಗೆ ಎರಡೂ ಬದಿಯ ಬೆಳಕು. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಇದೂ, ಅವನೇ ರೂಪಿಸಿದ ನಮ್ಮ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸೂ ಒಟ್ಟಿಗೇ ಸೇರಿದವು. ಒಮ್ಮೆ ಇಳಿದು ತಾರಸಿಗೆ ಹತ್ತು.

ಕ್ಯಾಂಪಸ್ಸಿನ ಹಿಂದೆಯೇ ಸುಜಿತೋಂ ಕಲಾಂಕ್‌ಗೆ ಕಾಲುದಾರಿ. ಕಲಾಂಕ್ ಅಂದರೆ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಒಳಚಾಚಿದ ಕಿರಿದಾದ ಕೊಲ್ಲಿ. ಇಳಿಯಲು ಮುಕ್ಕಾಲು ಗಂಟೆ, ಹತ್ತಲು ಅದಕ್ಕಿಂತ ಹೆಚ್ಚು. ದಾರಿಯಲ್ಲಿ ಹನಿ ನೀರು ಸಿಗದು, ಎರಡು ಲೀಟರ್ ಹೊತ್ತುಕೊಂಡೇ ಹೋಗು. ಜನ ತುಳಿದು ತುಳಿದು ಕಲ್ಲು ಸೋಪಿನ ಹಾಗೆ ನುಣುಪಾಗಿದೆ, ಚಪ್ಪಲಿ ಬೇಡವೇ ಬೇಡ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಾಡ್ಗಿಚ್ಚಿನ ಅಪಾಯ ನೋಡಿ ದಿನದಿನವೂ ದಾರಿ ತೆರೆಯುತ್ತಾರೆ, ಇಲ್ಲವೇ ಮುಚ್ಚುತ್ತಾರೆ. ತೀರ್ಮಾನ ಹಿಂದಿನ ಸಂಜೆಯೇ ಗೊತ್ತಾಗುತ್ತದೆ, ಮಿಸ್ತ್ರಾಲ್ ಬೀಸುವ ದಿನ ಆಸೆ ಇಟ್ಟುಕೊಳ್ಳಬೇಡ. ಜೊತೆಗೆ ಸುಜಿತೋಂಗೆ 2022ರಿಂದ ಬೇಸಿಗೆಯ ದಿನಗಳಲ್ಲಿ 400 ಜನಕ್ಕಷ್ಟೇ ಪ್ರವೇಶ, ಬುಕಿಂಗ್ ಉಚಿತ. ಜನಸಂದಣಿಯ ತುಳಿತಕ್ಕೆ ಮಣ್ಣು ಜಾರಿ ಪೈನ್ ಮರಗಳ ಬೇರು ಹೊರಬಿದ್ದದ್ದೇ ಇದಕ್ಕೆ ಕಾರಣ.

ಗಾಳಿ ನಿಂತ ಮರುದಿನ ಈಜಲು ಓಡಬೇಡ. ಮಿಸ್ತ್ರಾಲ್ ಮೇಲಿನ ಬೆಚ್ಚನೆಯ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಜುಲೈನಲ್ಲೂ ಒಂದೆರಡು ದಿನದಲ್ಲಿ ನೀರು ಐದಾರು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಯುತ್ತದೆ. ನಮ್ಮ ಮಲ್ಪೆಯ ನೀರಿಗೆ ಒಗ್ಗಿದ ಮೈ ಅದು, ಒಮ್ಮೆಗೇ ಧುಮುಕಬೇಡ.

ಗಾಳಿಯ ದಿನಕ್ಕೆ ಮ್ಯೂಸಿಯಂಗಳಿವೆ. 2013ರಲ್ಲಿ ತೆರೆದ ಮ್ಯೂಸೆಮ್ ಅನ್ನುವ ಮ್ಯೂಸಿಯಂಗೆ ಮಂಗಳವಾರ ರಜೆ, ನಗರಪಾಲಿಕೆಯ ಮ್ಯೂಸಿಯಂಗಳಿಗೆ ಸೋಮವಾರ. ಪಾನಿಯೆ ಕೇರಿಯ ವಿಯೇಯ್ ಶಾರಿತೆ ಈಗ ಮ್ಯೂಸಿಯಂ, ಮೊದಲು ಬಡವರನ್ನು ಕೂಡಿಹಾಕುವ ಆಶ್ರಯಾಲಯವಾಗಿತ್ತು. ಅಂಗಳದ ನಡುವೆ ವಾಸ್ತುಶಿಲ್ಪಿ ಪಿಯೆರ್ ಪ್ಯುಜೆ ರೂಪಿಸಿದ, ಮೊಟ್ಟೆಯಾಕಾರದ ಗುಮ್ಮಟದ ಪ್ರಾರ್ಥನಾಮಂದಿರ. ಕಿಟಕಿಯೆಲ್ಲ ಒಳಮುಖ ಏಕೆ ಅಂತ ಅಲ್ಲಿ ನಿಂತರೆ ತಿಳಿಯುತ್ತದೆ. ಬೆಟ್ಟದ ಮೇಲಿನ ನೋತ್ರ್ ದಾಮ್ ದ ಲ ಗಾರ್ದ್ ಚರ್ಚಿಗೆ 60ನೇ ನಂಬರ್ ಬಸ್ಸು. ಒಳಗೆ ನಾವಿಕರು ಹರಕೆಗೆ ಕಟ್ಟಿದ ಪುಟ್ಟ ಹಡಗುಗಳು ತೂಗುತ್ತಿರುತ್ತವೆ.

ಮೀನಿನ ವಿಷಯ ನಿನಗೆ ಹೇಳಿಕೊಡಬೇಕಿಲ್ಲ, ಬಂಗುಡೆಯ ಕಿವಿರು ಎತ್ತಿ ನೋಡುವ ಹಾಗೇ ಅಲ್ಲೂ ನೋಡು. ಹಳೇ ಬಂದರಿನ ಒಳತುದಿಯಲ್ಲಿ ಬೆಳಗಿನ ಹೊತ್ತು ಮೀನುಗಾರರೇ ಮಾರುತ್ತಾರೆ. ಗಾಳಿಯ ದಿನ ಸಣ್ಣ ದೋಣಿಗಳು ಹೊರಡುವುದಿಲ್ಲ, ಹಲಗೆಗಳು ಖಾಲಿ. ಅಲ್ಲಿನ ಮೀನು ಸಾರು ಬೂಯಾಬೆಸ್ ಮಾಡುವ ಮನಸ್ಸಾದರೆ ನಾಲ್ವರಿಗೆ ಒಂದು ಕಿಲೋ ಸಣ್ಣ ಬಂಡೆಮೀನು, ಎರಡು ಕಿಲೋ ದೊಡ್ಡ ಮೀನು, ದೊಡ್ಡದರಲ್ಲಿ ಕನಿಷ್ಠ ನಾಲ್ಕು ಜಾತಿ. ರಾಸ್ಕಾಸ್ ಅನ್ನುವ ಮೀನಿನ ಬೆನ್ನಿನ ಮುಳ್ಳಿನಲ್ಲಿ ವಿಷವಿದೆ, ಅವರಿಂದಲೇ ಕತ್ತರಿಸಿಕೊಂಡು ಬಾ. ಸಣ್ಣ ಮೀನನ್ನು ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಸೋಂಪಿನ ಗಿಡದ ಕಾಂಡ, ಆಲಿವ್ ಎಣ್ಣೆಯಲ್ಲಿ ಬಾಡಿಸಿ, ಕುದಿನೀರು ಹೊಯ್ದು ಬೇಯಿಸಿ, ಒತ್ತಿ ಸೋಸು. ಆ ಸಾರಿಗೆ ಕೇಸರಿ, ಆಲೂಗಡ್ಡೆ, ಆಮೇಲೆ ಗಟ್ಟಿ ಮಾಂಸದ ಮೀನು, ಕೊನೆಯ ಐದು ನಿಮಿಷಕ್ಕೆ ಮೆತ್ತನೆಯದು. ಉರಿ ಜೋರಾಗಿಯೇ ಇರಲಿ: ರಭಸವಾಗಿ ಕುದಿದರಷ್ಟೇ ಎಣ್ಣೆ ಸಾರಿನೊಳಗೆ ಬೆರೆತು ಮಂದವಾಗುತ್ತದೆ. ಸಣ್ಣ ಉರಿಯಲ್ಲಿಟ್ಟರೆ ಎಣ್ಣೆ ಮೇಲೆ ತೇಲುತ್ತದೆ, ಕಲಕಿ ಸರಿಮಾಡಲಾಗದು. ಹೋಟೆಲಿನಲ್ಲಾದರೆ ಒಂದು ದಿನ ಮೊದಲೇ ಹೇಳಿಡು. ಅಗ್ಗದ ದರದ ಬೋರ್ಡ್ ಕಂಡರೆ ಮುಂದೆ ನಡೆ.

ಸೋಪು ಕೊಳ್ಳುವಾಗ ಹುಷಾರು. ಮಾರ್ಸೇ ಸೋಪು ಅಂತ ಬಣ್ಣಬಣ್ಣದ ಪರಿಮಳದ ಬಿಲ್ಲೆಗಳನ್ನು ಎಲ್ಲೆಂದರಲ್ಲಿ ಮಾರುತ್ತಾರೆ. ಅಸಲಿಯದು ಆಲಿವ್ ಎಣ್ಣೆಯದಾದರೆ ಹಸಿರು, ತಾಳೆ-ಕೊಬ್ಬರಿ ಎಣ್ಣೆಯದಾದರೆ ಕೆನೆಬಿಳಿ. ಮೇಲೆ ಎಣ್ಣೆಯಂಶ 72% ಅಂತ ಮುದ್ರೆ ಇರಬೇಕು, ಪದಾರ್ಥಗಳ ಪಟ್ಟಿಯಲ್ಲಿ ಸುಗಂಧದ ಹೆಸರು ಇರಬಾರದು. ನೀರು ನಿಲ್ಲದ ತಟ್ಟೆಯಲ್ಲಿಡು, ಇಲ್ಲದಿದ್ದರೆ ಕರಗಿ ಹೋಗುತ್ತದೆ. ಒಗೆದ ಬಟ್ಟೆ ಬಾಲ್ಕನಿಯಲ್ಲಿ ಹಾಕಿದಾಗ ಒಂದಕ್ಕೆ ಮೂರು ಕ್ಲಿಪ್ ಸಿಕ್ಕಿಸು.

ನಿನ್ನ ಅಮ್ಮ